ಮೊದಲ ಪೈರು ಯಾರ ಕೈಯದು

ನಮ್ಮ ಹೆಮ್ಮಿಗೆ ಬಯಲಲ್ಲಿ ನಾಟಿಗೆ ಇಳಿಯುವ ಮುಂಚೆ ಒಂದು ಪದ್ಧತಿ. ಗದ್ದೆಯ ಮೂಡಲ ಮೂಲೆಗೆ ಒಬ್ಬಳೇ ಇಳಿದು ಮೊದಲ ಪೈರು ನೆಡಬೇಕು. ಆಮೇಲೆ ಮಿಕ್ಕವರು ಸೀರೆ ಎತ್ತಿ ಕಟ್ಟಿಕೊಂಡು ಸಾಲಾಗಿ ಇಳಿಯೋದು. ಆ ಒಬ್ಬಳ ಕೈಗುಣ ಚೆನ್ನಾಗಿರಬೇಕು. ಅವಳು ನೆಟ್ಟರೆ ಬುಡದಲ್ಲಿ ತೆಂಡೆ ಒಡೆದು ಗದ್ದೆ ತುಂಬ ಪೈರು ದಟ್ಟವಾಗುತ್ತೆ, ಕಾಳು ಗಟ್ಟಿಯಾಗುತ್ತೆ ಅನ್ನೋ ನಂಬಿಕೆ.

ಆ ಒಬ್ಬಳು ನಾನಲ್ಲ. ನನ್ನ ಓರಗಿತ್ತಿ ಗೋವಿಂದಮ್ಮ.

ನನ್ನ ಹೆಸರು ಪುಟ್ಟಮಾದಮ್ಮ. ನನ್ನ ಗಂಡ ಅಣ್ಣ, ಅವಳ ಗಂಡ ತಮ್ಮ. ಇಬ್ಬರೂ ಈಗಿಲ್ಲ. ಆ ಮನೆಗೆ ಮೊದಲು ಕಾಲಿಟ್ಟವಳು ನಾನು. ಗೋವಿಂದಮ್ಮ ಮದುವೆಯಾಗಿ ಬಂದಾಗ ಅವಳಿಗೆ ಪೈರು ಹಿಡಿಯೋದು ಸಹ ಬರುತ್ತಿರಲಿಲ್ಲ. ಬೇರು ಬೆರಳ ತುದಿಗೆ ಬರಬೇಕು, ಹೆಬ್ಬೆರಳಲ್ಲಿ ಒತ್ತಿ ಬಿಡಬೇಕು, ತೀರ ಆಳಕ್ಕೆ ಹೋದರೆ ಪೈರು ಉಸಿರು ಕಟ್ಟಿಕೊಳ್ಳುತ್ತೆ ಅಂತ ಪಕ್ಕದಲ್ಲಿ ಬಗ್ಗಿ ನಿಂತು ಕಲಿಸಿದವಳು ನಾನು. ಕಲಿತ ಕೈಗೆ ಹೆಸರು ಬಂತು. ಕಲಿಸಿದ ಕೈಗೆ ಕೂಲಿ ಬಂತು.

ಅವಳಿಗೆ ಆ ಹೆಸರು ಬಂದದ್ದು ಹೇಗೆ ಅನ್ನೋದು ಊರಲ್ಲಿ ಯಾರಿಗೂ ನೆನಪಿಲ್ಲ. ನನಗೆ ನೆನಪಿದೆ. ನಮ್ಮವ್ವ ತೀರಿಕೊಂಡ ವರ್ಷ ಅದು. ನಾನು ತವರು ಮುಡುಕುತೊರೆಗೆ ಹೋಗಿದ್ದೆ. ನಾವು ಕೂಲಿಗೆ ಹೋಗೋ ರಾಮಯ್ಯನವರ ಗದ್ದೆಯಲ್ಲಿ ಯಾವಾಗಲೂ ಮೊದಲ ಪೈರು ನೆಡುತ್ತಿದ್ದ ಮುದುಕಿಗೆ ಸೊಂಟ ಹಿಡಿದಿತ್ತು. ನಾನಿದ್ದಿದ್ದರೆ ಹಿರಿಯಳು ಅಂತ ನನ್ನನ್ನೇ ಇಳಿಸುತ್ತಿದ್ದರು. ನಾನಿರಲಿಲ್ಲ, ಇವಳಿದ್ದಳು. ಆ ವರ್ಷ ನಾಲೆಯ ನೀರು ಕೊನೇ ಗದ್ದೆವರೆಗೂ ಹೊತ್ತಿಗೆ ಸರಿಯಾಗಿ ಹರಿದಿತ್ತು, ಇಡೀ ಬಯಲೇ ಬೆಳೆದಿತ್ತು. ಆದರೂ ಕಣದಲ್ಲಿ ರಾಮಯ್ಯನವರ ಬಾಯಲ್ಲಿ ಬಂದದ್ದು ಒಂದೇ ಮಾತು. ಗೋವಿಂದಮ್ಮನ ಕೈ ಒಳ್ಳೇದು.

ಅಷ್ಟೇ. ಅಲ್ಲಿಂದ ಇಲ್ಲಿತನಕ.

ನಮ್ಮ ಬೀದಿಗೆ ಕಾಲಿಡದ ಜನ ಕೂಡ ಬೀದಿಯ ಬಾಯಲ್ಲಿ ಬೈಕು ನಿಲ್ಲಿಸಿಕೊಂಡು, ಗೋವಿಂದಮ್ಮನ್ನ ಕಳಿಸ್ರಪ್ಪ ಅಂತ ಕೂಗೋರು. ಹೊಸ ಮನೆಗೆ ಮೊದಲ ಒಲೆ ಹಚ್ಚಕ್ಕೆ ಅವಳು, ಕೋಳಿಗೆ ಕಾವಿಗೆ ಮೊಟ್ಟೆ ಇಡಕ್ಕೆ ಅವಳು. ನನ್ನ ಕೋಳಿ ಕಾವಿಗೆ ಕೂತರೆ ಮಾತ್ರ ನಾನೇ ಇಡುತ್ತಿದ್ದೆ. ಅರ್ಧ ಮೊಟ್ಟೆ ಕೆಟ್ಟರೂ ಸರಿಯೇ, ಅವಳನ್ನು ಕರೆಯಲಿಲ್ಲ.

ಈಚೆಗೆ ನಾಟಿಗೂ ಮಿಷನ್ನು ಬಂತು. ನಾವು ಹೆಂಗಸರು ಗುಂಪು ಕಟ್ಟಿಕೊಂಡು ನೆಡುವ ಗದ್ದೆಯನ್ನು ಅದು, ನಾವು ಎಲೆ ಅಡಿಕೆ ಹಾಕಿಕೊಳ್ಳೋ ಹೊತ್ತಿಗೆ ಮುಗಿಸಿ ಆಚೆ ನಿಂತಿರುತ್ತೆ. ಎಲ್ಲಿಂದಲೋ ಬಂದ ಮಿಷನ್ನಿನೋರು ನಮ್ಮ ಬಯಲ ಕೆಲಸ ತಗೊಂಡು ಹೋಗೋಕೆ ಶುರು ಮಾಡಿದರು. ಹೀಗೇ ಬಿಟ್ಟರೆ ನಮಗೆ ಕೂಲಿ ಇರಲ್ಲ ಅಂತ ನಮ್ಮ ನಾಟಿ ಹೆಂಗಸರ ಸಂಘದಲ್ಲಿ ಮಾತಾಯಿತು. ನಾವೇ ಒಂದು ಮಿಷನ್ನು ತರೋಣ, ಅರ್ಧ ಕೃಷಿ ಇಲಾಖೆಯೋರು ಕೊಡ್ತಾರೆ, ಮಿಕ್ಕಿದ್ದು ನಾವು ಉಳಿಸೋಣ ಅಂತ. ವಾರವಾರ ಕೂಲಿಯಲ್ಲಿ ಇಷ್ಟು ಅಂತ ಎತ್ತಿಡುತ್ತ ಬಂದೆವು. ಕೆಲವರು ಸಾರಿಗೆ ಬೇಳೆ ಕಮ್ಮಿ ಮಾಡಿ ಕಟ್ಟಿದರು. ಆ ದುಡ್ಡು ಟಿ. ನರಸೀಪುರದ ಬ್ಯಾಂಕಿನಲ್ಲಿ ಸಂಘದ ಹೆಸರಲ್ಲಿತ್ತು. ಅದನ್ನು ತೆಗೆಯಬೇಕಾದರೆ ಇಬ್ಬರ ಸೈನ್ ಬೇಕು. ಮೊದಲನೇ ಪ್ರತಿನಿಧಿ ಗೋವಿಂದಮ್ಮ. ಎರಡನೇ ಪ್ರತಿನಿಧಿ ನಾನು. ಅಲ್ಲೂ ನಾನು ಎರಡನೆಯವಳೇ.

ಮಿಷನ್ನು ಬೇಕು ಅಂತ ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು. ಕೂಲಿ ಉಳಿಯಲಿ ಅನ್ನೋದು ಒಂದು. ಇನ್ನೊಂದು ಬಾಯಿಬಿಟ್ಟು ಹೇಳಲಿಲ್ಲ. ಕಬ್ಬಿಣಕ್ಕೆ ಕೈಗುಣ ಇರಲ್ಲ. ಮಿಷನ್ನು ಗದ್ದೆಗೆ ಇಳಿದ ದಿನ ಗೋವಿಂದಮ್ಮನ ಕೈಯೂ ನನ್ನ ಕೈಯೂ ಒಂದೇ.

ಹೀಗಿರುವಾಗ ಅವಳ ಅಳಿಯ ರವಿಕುಮಾರ ಬಂದ. ಅವನು ನಂಜನಗೂಡಿನವನು, ಅಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಕಂಟ್ರಾಕ್ಟ್ ಕೆಲಸ. ಒಳ್ಳೆಯ ಹುಡುಗನೇ. ಗೋವಿಂದಮ್ಮನ ಮಗಳು ರಂಜಿನಿಯನ್ನು ಕಣ್ಣಲ್ಲಿ ನೀರು ಬಾರದ ಹಾಗೆ ನೋಡಿಕೊಂಡಿದ್ದ. ಅವತ್ತು ಜಗಲಿಯ ಮೇಲೆ ಕೂತು ಫೋನು ತೆಗೆದು, "ಅತ್ತೆ, ಇದು ಫಲಧಾರಾ ಕಾಯಿನ್ ಅಂತ. ಹೊಸ ನಮೂನೆ ದುಡ್ಡು," ಅಂದ.

"ಎಲ್ಲಿ, ತೋರ್ಸು ನೋಡಾಣ," ಅಂದಳು ಗೋವಿಂದಮ್ಮ.

"ಕೈಗೆ ಸಿಕ್ಕಲ್ಲ ಅತ್ತೆ. ಕಂಪ್ಯೂಟರ್ ಒಳಗೇ ಇರ್ತದೆ. ಇವತ್ತು ತಗೊಂಡ್ರೆ ಬರೋ ನಾಟಿ ಒತ್ಗೆ ಮೂರರಷ್ಟು ಆಯ್ತದೆ. ಕಂಪನಿಯೋರು ಗ್ಯಾರಂಟಿ ಕೊಟ್ಟವ್ರೆ. ನಾನು ಸೇರ್ತಾ ಇದೀನಿ. ಮೊದ್ಲು ಒತ್ತೋದು ನಿಮ್ಮ ಬೆರಳಾಗ್ಲಿ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಗದ್ದೆಗೆ ಇಳಿಯೋ ಮುಂಚೆ ಮಾಡೋ ಹಾಗೆ ಭೂಮಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಫೋನಿನ ಗಾಜು ಒತ್ತಿದಳು. ನಾನು ಪಕ್ಕದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ.

"ದೊಡ್ಡತ್ತೆ, ನೀವೂ ಬನ್ನಿ, ನಿಮಗೂ ಒಂದು ಐಡಿ ಮಾಡ್ಕೊಡ್ತೀನಿ," ಅಂದ ರವಿಕುಮಾರ.

"ನನ್ ಬೆರಳಿಗೆ ಉಗುರುಸುತ್ತಾಗದೆ ಕಣಪ್ಪ," ಅಂದೆ.

ಸ್ವಲ್ಪ ದಿನಕ್ಕೆ ಅವನ ಬ್ಯಾಂಕಿಗೆ ಲಾಭ ಅಂತ ಒಂಚೂರು ದುಡ್ಡು ಬಂದೇಬಿಟ್ಟಿತು. ಅವನು ಅತ್ತೆಗೆ ಸೀರೆ ತಂದ. ಅದೂ ನೇರಳೆ ಬಣ್ಣ, ನನಗೆ ಇಷ್ಟವಾದ ಬಣ್ಣ. ನಂಜನಗೂಡಲ್ಲಿ ಅವನು ನಮ್ಮತ್ತೆ ಕೈಯಲ್ಲಿ ಒತ್ತಿಸಿದೆ, ಅವರ ಕೈಗುಣ ಹಾಗೆ ಅಂತ ಹೇಳಿಕೊಂಡನಂತೆ. ಕೇಳಬೇಕೆ. ಮೊದಲು ನಮ್ಮ ಬೀದಿಯೋರು ಫೋನು ಹಿಡಿದು ಬಂದರು. ಆಮೇಲೆ ನರಸೀಪುರದ ಅಂಗಡಿಯೋರು ಬಂದರು. ಪುಟ್ಟಸ್ವಾಮಿ ಅಂತ ಗೊಬ್ಬರದ ಅಂಗಡಿಯವನೊಬ್ಬ ಕಾರಲ್ಲೇ ಬಂದ. ಜಗಲಿ ಮೇಲೆ ಅವಳು ಕೂರೋದು, ಒಬ್ಬೊಬ್ಬರೇ ಫೋನು ಚಾಚೋದು, ಅವಳು ಭೂಮಿ ಮುಟ್ಟಿ ಒತ್ತೋದು. ಜನ ಕಂಪನಿಯನ್ನು ನಂಬಿದರೋ ಇಲ್ಲವೋ ಗೊತ್ತಿಲ್ಲ. ಕಂಪನಿ ಎಲ್ಲಿದೆ, ಯಾರದು ಅಂತ ಒಬ್ಬರೂ ಕೇಳಲಿಲ್ಲ. ಆ ಬೆರಳನ್ನು ನಂಬಿದರು.

ಒಂದು ದಿನ ಕಂಪನಿಯೋರು ಅವಳನ್ನು ನಂಜನಗೂಡಿನ ಒಂದು ಛತ್ರಕ್ಕೆ ಕರೆದುಕೊಂಡು ಹೋಗಿ, ಸ್ಟೇಜಿನ ಮೇಲೆ ಕೂರಿಸಿ, ಶಾಲು ಹೊದಿಸಿ ಕಳಿಸಿದರು. ಮಾರನೇ ದಿನ ಆ ಶಾಲು ನಮ್ಮಿಬ್ಬರ ಮನೆಗೂ ನಡುವೆ ಕಟ್ಟಿರೋ ಹಗ್ಗದ ಮೇಲೆ ತೂಗುತ್ತಿತ್ತು. ಒಗೆಯದ ಶಾಲನ್ನು ಒಣಗಲಿಕ್ಕೆ ಯಾರು ಹಾಕ್ತಾರೆ. ನನ್ನ ಕಣ್ಣಿಗೆ ಬೀಳಲಿ ಅಂತಲೇ ಹಾಕಿದ್ದು. ನಾನು ನನ್ನ ಕಂಬಳಿ ತಂದು ಅದರ ಪಕ್ಕಕ್ಕೆ, ಸ್ವಲ್ಪ ಮುಂದಕ್ಕೇ, ಹರವಿದೆ.

ಆ ಸಮಯಕ್ಕೆ ನರಸೀಪುರದ ಬ್ಯಾಂಕಿನಿಂದ ಪಲ್ಲವಿ ಅನ್ನೋ ಹೆಣ್ಣುಮಗಳು ನಮ್ಮ ಸಮುದಾಯ ಭವನಕ್ಕೆ ಬಂದಳು. ಸಂಘಗಳಿಗೆ ತಿಳಿವಳಿಕೆ ಹೇಳೋದು ಅವಳ ಕೆಲಸ. ಉಳಿತಾಯ, ವಿಮೆ ಎಲ್ಲ ಹೇಳಿ ಕೊನೆಗೆ ಕಾಯಿನ್ನಿನ ಮಾತಿಗೆ ಬಂದಳು.

"ಅಮ್ಮಂದಿರಾ, ಈ ಕಾಣದ ನಾಣ್ಯದ ವಿಚಾರದಲ್ಲಿ ರಿಸರ್ವ್ ಬ್ಯಾಂಕಿನವರು ಒಂದು ಸಲ ಅಲ್ಲ, ಎಷ್ಟೋ ಸಲ ಎಚ್ಚರಿಕೆ ಕೊಟ್ಟಿದ್ದಾರೆ. ಬ್ಯಾಂಕಲ್ಲಿಟ್ಟ ದುಡ್ಡಿಗೆ ಇರೋ ಭದ್ರತೆ ಇದಕ್ಕೆ ಇಲ್ಲ. ಹೋದ್ರೆ ನಿಮ್ಮದೇ ನಷ್ಟ. ಅದರಲ್ಲೂ ಇಷ್ಟು ದಿನಕ್ಕೆ ಇಷ್ಟು ಲಾಭ ಗ್ಯಾರಂಟಿ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಅನುಮಾನ ಪಡಿ. ಜನ ಸೇರಿಸಿದ್ರೆ ಕಮಿಷನ್ ಅಂದ್ರೆ ಇನ್ನೂ ಅನುಮಾನ ಪಡಿ. ಮೊದ್ಲು ಒಂಚೂರು ವಾಪಸ್ ಕೊಟ್ಟು ನಂಬಿಸ್ತಾರೆ. ದೊಡ್ಡದಾಗಿ ಹಾಕಿದ ಮೇಲೆ ತೆಗೆಯೋಕೆ ಹೋದ್ರೆ, ತೆರಿಗೆ ಕಟ್ಟಿ ಆಮೇಲೆ ಕೊಡ್ತೀವಿ ಅಂತಾರೆ. ಕಟ್ಟಿದ್ದೂ ಹೋಯ್ತದೆ. ಮೋಸ ಆದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ."

ನಮ್ಮ ಗುಂಪಿನ ಚಿಕ್ಕದೇವಮ್ಮ, ಬಾಯಿ ಜೋರಿನವಳು, ಎದ್ದು ನಿಂತಳು. "ನಮ್ ಗೋವಿಂದಮ್ಮನ ಅಳಿಯಂಗೆ ದುಡ್ಡು ಬಂದದೆ ಕಣವ್ವ. ನಾವು ಕಣ್ಣಾರ ಕಂಡಿವಿ."

"ಎಷ್ಟು ಹಾಕಿದ್ರು, ಎಷ್ಟು ಬಂತು ಅಮ್ಮ?"

"ಅದೆಲ್ಲ ಇರ್ಲಿ. ನಿಂಗೆ ಮದ್ವೆ ಆಗದಾ?"

ಎಲ್ಲರೂ ನಕ್ಕರು. ಆ ಹುಡುಗಿಯೂ ಪಾಪ ನಕ್ಕಳು. ನಕ್ಕರೂ ಬಿಡದೆ ಆ 1930 ಅನ್ನೋದನ್ನು ನಮ್ಮೆಲ್ಲರ ಬಾಯಲ್ಲಿ ಮಕ್ಕಳ ಮಗ್ಗಿ ಹಾಗೆ ಹೇಳಿಸಿಯೇ ಹೋದಳು. ಅವಳ ಮಾತು ಕೇಳಿ ನನ್ನ ಹೊಟ್ಟೆ ಮಜ್ಜಿಗೆ ಕುಡಿದಷ್ಟು ತಂಪಾಯಿತು. ಗೋವಿಂದಮ್ಮ ಮಾತ್ರ ಮೂಲೆಯಲ್ಲಿ ತನ್ನ ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು.

ಅದಾದ ಮೇಲಿನ ಸಂಘದ ಸಭೆಯಲ್ಲೇ ಅವಳು ಮಾತು ತೆಗೆದಳು.

"ಅಕ್ಕ, ಸಂಘದ ದುಡ್ಡು ಬ್ಯಾಂಕಲ್ಲಿ ಸುಮ್ನೆ ಮಲಗದೆ. ಅದ್ನ ಕಾಯಿನ್ಗೆ ಆಕುದ್ರೆ ನಾಟಿ ಒತ್ಗೆ ಒಂದ್ ಮಿಷನ್ ಬದ್ಲು ಎರಡು ತರ್ಬೋದು. ನನ್ ಸೈನ್ ಆಗದೆ. ನಿಂದೊಂದು ಆಕ್ಬುಡು."

"ಆಕಲ್ಲ," ಅಂದೆ.

"ಯಾಕಕ್ಕ?"

"ಬ್ಯಾಂಕಿನ ಹೆಣ್ಮಗು ಏಳ್ಬುಟ್ಟು ಓಗ್ಲಿಲ್ವ?"

ಚಿಕ್ಕದೇವಮ್ಮ ಎಲೆ ಅಡಿಕೆ ಉಗಿದು ಬಂದು ಕೂತಳು. "ಬ್ಯಾಂಕಿನ ಹೆಣ್ಮಗು ಏಳ್ದೆ ಇದ್ರೂ ನೀ ಆಕ್ತಿರ್ಲಿಲ್ಲ ಬುಡು ಪುಟ್ಟಮಾದಕ್ಕ. ಒಟ್ಟೆಕಿಚ್ಚು ನಿಂಗೆ. ಅವಳ ಬೆರಳ ಉಡುಕ್ಕೊಂಡು ಕಾರ್ಗಳು ಬತ್ತವೆ. ನಿನ್ ಬೆರಳ ನಿನ್ ಕೋಳಿನೇ ನಂಬಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು.

"ಒಟ್ಟೆಕಿಚ್ಚು ಅದೆ ಕಣೆ. ಇಲ್ಲ ಅಂದೋರ್ಯಾರು? ಒಟ್ಟೆಕಿಚ್ಚು ನಂದು, ಮಿಷನ್ ದುಡ್ಡು ಎಲ್ಲಾರ್ದು. ಎರಡ್ನೂ ಒಂದೇ ಗಂಟಿಗೆ ಕಟ್ಬ್ಯಾಡ," ಅಂದು ಗೋವಿಂದಮ್ಮನ ಕಡೆ ತಿರುಗಿದೆ. "ನಾಟಿ ಆದ್ಮೇಲೆ ಪೈರು ಬೇರು ಕೊಟ್ಟದಾ ಇಲ್ವಾ ಅಂತ ಎಂಗ್ ನೋಡ್ತೀಯೆ?"

"ಮೆತ್ಗೆ ಎಳ್ದು ನೋಡ್ತೀನಿ."

"ಅಂಗೇ ಇದ್ನೂ ಎಳ್ದು ನೋಡು. ಅದ್ರೊಳಗೆ ನಿಂದು ರಂಜಿನಿದು ಏನದೆ, ಲಾಭನೂ ಬುಡ್ದೆ, ಗಂಟೂ ಬುಡ್ದೆ ಪೂರಾ ಎಳ್ಕೊಂಡು ಬಂದು ಈ ಚಾಪೆ ಮ್ಯಾಲೆ ಇಡು. ಬಂದ್ರೆ ಸೈನ್ ಆಕ್ತೀನಿ. ಸೈನ್ ಆಕಿ ನನ್ ಐಡಿಗೂ ನಿನ್ ಕೈಲೇ ಒತ್ತಿಸ್ಕೋತೀನಿ."

"ಎಳುದ್ರೆ ಪೈರು ಬರಬಾರ್ದು, ದುಡ್ಡು ಬರಬೇಕು. ತಲೆಕೆಳಗಾಯ್ತಲ್ಲ ನಿನ್ ಗದ್ದೆ ಲೆಕ್ಕ," ಅಂದಳು ಚಿಕ್ಕದೇವಮ್ಮ.

"ಎಂಗಾರ ಆಗ್ಲಿ. ಎಳೀದೆ ಎರಡೂ ಗೊತ್ತಾಗಲ್ಲ."

ಗೋವಿಂದಮ್ಮ ನನ್ನನ್ನೇ ನೋಡಿದಳು. "ಆಯ್ತು. ಎಳ್ದೇ ತೋರುಸ್ತೀನಿ," ಅಂದಳು.

ಆ ಮಾತು ಆಡಿ ಮನೆಗೆ ಬಂದೆ. ದುಡ್ಡು ಬಂದುಬಿಟ್ಟರೆ ಅಂತ ಭಯ. ಬಂದುಬಿಟ್ಟರೆ ಊರ ಮುಂದೆ ಅವಳ ಜಗಲಿಗೆ ಹೋಗಿ, ಮಿಕ್ಕವರ ಹಾಗೆ ಫೋನು ಚಾಚಿಕೊಂಡು ನಿಲ್ಲಬೇಕು. ಬರದೇ ಇರಲಿ ಅಂದುಕೊಂಡರೆ ರಂಜಿನಿಯ ಬರಿ ಕೊರಳು ಕಣ್ಣ ಮುಂದೆ ಬರೋದು. ಅವಳ ಸರ ಅಡ ಇಟ್ಟು ಅದಕ್ಕೇ ಹಾಕಿದ್ದರು. ಆ ಕೂಸು ಹುಟ್ಟಿದಾಗ ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಎರೆದವಳು ನಾನು. ಹಾಗಂತ ಮನಸ್ಸು ಒಳ್ಳೆಯದಾಯಿತಾ ಅಂದರೆ ಇಲ್ಲ. ಹಗ್ಗದ ಮೇಲೆ ಶಾಲು ಕಂಡರೆ ಮತ್ತೆ ಬರದೇ ಇರಲಿ ಅಂತಲೇ ಅನ್ನಿಸೋದು.

ರವಿಕುಮಾರ ಮೊದಲು ನಾಳೆ ಅಂದ. ಆಮೇಲೆ ಸರ್ವರ್ ಇಲ್ಲ ಅಂದ. ಆಮೇಲೆ ಫೋನು ಎತ್ತಲಿಲ್ಲ. ಒಂದು ಬೆಳಿಗ್ಗೆ ಗೋವಿಂದಮ್ಮ ನನ್ನ ಬಾಗಿಲಿಗೆ ಬಂದು ನಿಂತಳು. ನೇರಳೆ ಸೀರೆ ಉಡದೆ ಹಳೆಯದನ್ನೇ ಉಟ್ಟಿದ್ದಳು.

"ಅಕ್ಕ, ನಂಜನಗೂಡ್ಗೆ ಓಗ್ಬುಟ್ಟು ಬರಾಣ. ಬತ್ತೀಯಾ?"

"ನಾನ್ಯಾಕೆ?"

"ಬೇರೆ ಯಾರ್ನಾರ ಕರ್ಕೊಂಡೋದ್ರೆ ಅಯ್ಯೋ ಪಾಪ ಅಂತಾರೆ. ನೀನು ಅನ್ನಲ್ಲ."

ನರಸೀಪುರಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವಳು ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಟಿಕೀಟಿನ ದುಡ್ಡನ್ನೂ ಎಡಗೈಯಲ್ಲೇ ಕೊಟ್ಟಳು. ಕಂಡಕ್ಟರು ಗೊಣಗಿದ.

ರವಿಕುಮಾರ ಮನೆಯಲ್ಲೇ ಇದ್ದ. ಗಡ್ಡ ಬಂದಿತ್ತು. ರಂಜಿನಿ ನಮ್ಮನ್ನು ಕಂಡು ಒಳಕ್ಕೆ ಹೋದಳು. ಅವನು ಫೋನು ತೋರಿಸಿದ. ಅದರೊಳಗೆ ಲೆಕ್ಕ ದೊಡ್ಡದಾಗಿಯೇ ಇತ್ತು, ನಾವು ನೋಡುತ್ತಿರುವಾಗಲೇ ಇನ್ನಷ್ಟು ಏರಿತು.

"ದುಡ್ಡು ಇದೆ ಅತ್ತೆ, ಎಲ್ಲೂ ಹೋಗಿಲ್ಲ. ತೆಗೆಯೋಕೆ ಮುಂಚೆ ತೆರಿಗೆ ಕಟ್ಟಬೇಕಂತೆ. ಒಂದು ಸಲ ಕಟ್ಟಿದೆ. ಇನ್ನೊಂದು ಕಟ್ಟಿ ಅಂತಾವ್ರೆ. ಅದೊಂದು ಕಟ್ಟುದ್ರೆ ಪೂರಾ ಬತ್ತದೆ."

"ಸರ್ಕಾರದ ತೆರಿಗೆ ಯಾರಿಗಪ್ಪ ಕಟ್ಟೋದು?" ಅಂತ ಕೇಳಿದೆ.

"ಒಂದು ನಂಬರ್ ಕೊಟ್ಟವ್ರೆ ದೊಡ್ಡತ್ತೆ."

"ಯಾರ್ದು ಅದು?"

ಅವನು ಫೋನನ್ನು ಮಗುಚಿ ಇಟ್ಟ. ಆ ಬ್ಯಾಂಕಿನ ಮಗು ಹೇಳಿದ್ದು ಅಕ್ಷರಕ್ಕಕ್ಷರ ಮುಂದೆ ನಿಂತಿತ್ತು. ನನ್ನ ಮಾತು ಗೆದ್ದಿತ್ತು. ಗೆದ್ದರೆ ಹೇಗಿರುತ್ತೆ ಅಂತ ಎಷ್ಟು ಸಲ ಅಂದುಕೊಂಡಿದ್ದೆನೋ. ಒಳಗಡೆ ರಂಜಿನಿ ಮೂಗು ಒರೆಸಿಕೊಳ್ಳೋ ಸದ್ದು ಕೇಳುತ್ತಿತ್ತು, ಹಾಗಾಗಿ ಸರಿಯಾಗಿ ಸವಿಯೋಕೂ ಆಗಲಿಲ್ಲ.

ಆ ಕಾಯಿನ್ ಕಂಪನಿಯೋರ ಆಫೀಸು ಅಂತ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿತ್ತಂತೆ. ಮೂವರೂ ಹೋದೆವು. ಬೋರ್ಡು ಕಿತ್ತಿದ್ದರು, ಬಾಗಿಲಿಗೆ ಬೀಗ. ಕೆಳಗೆ ರಸ್ತೆಯಲ್ಲಿ ಜನ ನಿಂತಿದ್ದರು. ಗೊಬ್ಬರದ ಅಂಗಡಿಯ ಪುಟ್ಟಸ್ವಾಮಿಯೂ ಇದ್ದ. ಅವನು ಗೋವಿಂದಮ್ಮನನ್ನು ಕಂಡ.

"ನೋಡಿ, ಇವ್ರೇ. ಕೈಗುಣದಮ್ಮ ಇವ್ರೇ."

ಜನ ನಮ್ಮ ಸುತ್ತ ಸೇರಿದರು. "ನಿನ್ ಕೈ ನಂಬಿ ಹಾಕ್ದೆ ಕಣಮ್ಮ," ಅಂದ ಪುಟ್ಟಸ್ವಾಮಿ. "ಅಂಗಡಿ ಮೇಲೆ ಸಾಲ ತಗೊಂಡು ಹಾಕ್ದೆ." ಒಬ್ಬ ಹೆಂಗಸು ಅವಳ ಸೆರಗು ಸರಿಸಿ ಆ ಕೈ ಈಚೆಗೆ ಎಳೆದು, ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದಳು. "ಇದೇ ಅಲ್ವೇನಮ್ಮ? ಇದೇ ಅಲ್ವಾ ಆ ಕೈ?"

ಗೋವಿಂದಮ್ಮ ಬಿಡಿಸಿಕೊಳ್ಳಲಿಲ್ಲ. ಎತ್ತಿದ ಕೈಯನ್ನು ಅವಳೂ ನೋಡುತ್ತ ನಿಂತಳು. ಉಗುರ ಸಂದಿಯಲ್ಲಿ ಕೆಸರು ಕಪ್ಪಾಗಿ ಕೂತ, ನಾಲ್ಕನೇ ಬೆರಳು ಸೊಟ್ಟಗಾದ ಕೈ. ನನ್ನದೂ ಹಾಗೇ ಇದೆ.

ನಾನು ನಡುವೆ ನುಗ್ಗಿ ಆ ಕೈ ಬಿಡಿಸಿದೆ. "ಬುಡವ್ವ ಕೈಯ. ಇದು ಪೈರು ನೆಡೋ ಕೈ. ಗದ್ದೇಲಿ ಗುಣ ಇದ್ರೆ ಫೋನ್ನಲ್ಲೂ ಇರ್ತದೆ ಅಂತ ನೀವೂ ಅಂದ್ಕೊಂಡ್ರಿ, ಇವಳೂ ಅಂದ್ಕೊಂಡ್ಲು. ಇವಳ ಮಗಳ ಸರನೂ ಓಗದೆ. ಬೈಯದು ಆಮ್ಯಾಲೆ ಬೈಯಿರಿ. ಈಗ ಪೋಲೀಸ್ ಸ್ಟೇಷನ್ಗೆ ನಡೀರಿ, ಇವಳೂ ಬತ್ತಾಳೆ, ಇವಳ ಅಳಿಯನೂ ಬತ್ತಾನೆ. ರವಿಕುಮಾರಪ್ಪ, ಫೋನ್ ತಗಿ. ಒಂದು, ಒಂಬತ್ತು, ಮೂರು, ಸೊನ್ನೆ ಒತ್ತು."

ಅವನು ಒತ್ತಿದ. ಅವನಿಗೆ ಭಯ ಇದ್ದದ್ದು ದುಡ್ಡಿಗಲ್ಲ, ತಾನು ಸೇರಿಸಿದ ಜನಕ್ಕೆ. ಆದರೂ ಅಲ್ಲೇ ನಿಂತು, ಯಾರು ಮಾತಾಡಿದರು, ಯಾವ ನಂಬರಿಗೆ ಕಳಿಸಿದ, ಎಲ್ಲ ಹೇಳಿದ. ಕಡೆಗೆ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲು ಇನ್ನೂ ಮುಂದಕ್ಕೆ ಹೋಗದೆ ಬ್ಯಾಂಕಲ್ಲೇ ತಡೆದು ನಿಂತಿದೆಯಂತೆ ಅಂತ ಆಮೇಲೆ ಗೊತ್ತಾಯಿತು. ಮಿಕ್ಕಿದ್ದು ಇನ್ನೂ ಕೇಸಿನಲ್ಲಿದೆ.

ಒಂದು ಮಾತು ಹೇಳಬೇಕು. ಅಷ್ಟು ಜನ ಸೇರಿದ್ದರಲ್ಲ, ಬೈದದ್ದೂ ಅವಳನ್ನೇ, ಆಮೇಲೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ನೀರು ಕೊಟ್ಟು ಸಮಾಧಾನ ಮಾಡಿದ್ದೂ ಅವಳನ್ನೇ. ನಡುವೆ ನುಗ್ಗಿದ ಮುದುಕಿ ಯಾರು ಅಂತ ಒಬ್ಬರೂ ಕೇಳಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಕಪಿಲಾ ಹೊಳೆ ಹಿಂದಕ್ಕೆ ಸರಿದ ಮೇಲೆ ಕೇಳಿದಳು.

"ಅಕ್ಕ, ಅವತ್ತು ಸೈನ್ ಆಕ್ದೆ ಇದ್ದುದ್ದು ಬ್ಯಾಂಕಿನ ಹೆಣ್ಮಗು ಏಳಿದ್ಕಾ, ಒಟ್ಟೆಕಿಚ್ಗಾ?"

"ಒಟ್ಟೆಕಿಚ್ಗೆ."

"ಒಳ್ಳೇದಾಯ್ತು ಬುಡು," ಅಂದಳು. "ಬ್ಯಾಂಕಿನ ಹೆಣ್ಮಗಿನ ಮಾತಾಗಿದ್ರೆ ಚಿಕ್ಕದೇವಿ ನಿನ್ನ ಒಪ್ಪಿಸ್ಬುಡ್ತಿದ್ಲು."

ಸಂಘದ ದುಡ್ಡು ಉಳಿಯಿತು. ಆಷಾಢ ಕಳೆದು ನಾಲೆಗೆ ನೀರು ಬಿಡೋ ಹೊತ್ತಿಗೆ ಮಿಷನ್ನು ಬಂತು. ನನ್ನ ಮಗ ಮಾದೇಶ ಅದನ್ನು ಓಡಿಸೋದು ಕಲಿತ. ಟ್ರೇಗಳಲ್ಲಿ ಪೈರು ಬೆಳೆಸೋದು, ಮಿಷನ್ನು ತಿರುಗದ ಮೂಲೆಗಳಿಗೆ, ಬಿಟ್ಟುಹೋದ ಸಂದಿಗಳಿಗೆ ಕೈಯಲ್ಲಿ ನೆಡೋದು ನಮ್ಮ ಕೆಲಸ ಅಂತಾಯಿತು. ಮೊದಲ ಗದ್ದೆ ರಾಮಯ್ಯನವರದೇ.

ಕಬ್ಬಿಣ ಬಂದರೆ ಪದ್ಧತಿ ಹೋಗುತ್ತೆ ಅಂತ ನಾನು ಅಂದುಕೊಂಡಿದ್ದೆನಲ್ಲ, ಹೋಗಲಿಲ್ಲ. ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟಾದ ಮೇಲೆ ರಾಮಯ್ಯನವರು ಕೋಲೂರಿಕೊಂಡು ಗದ್ದೆಯ ಅಂಚಿನ ತೆವರಿಯ ಮೇಲೆ ನಿಂತು, "ಮೊದಲ ಪೈರು ಕೈಯಲ್ಲೇ ಆಗ್ಲಿ," ಅಂದರು. ಎಲ್ಲರೂ ಅಭ್ಯಾಸಕ್ಕೆ ಗೋವಿಂದಮ್ಮನ ಕಡೆ ತಿರುಗಿದರು. ಅವಳು ಕೈ ಸೆರಗೊಳಗೆ ಇಟ್ಟುಕೊಂಡು ಹಿಂದೆ ಸರಿದಳು. ರಾಮಯ್ಯನವರು ಸ್ವಲ್ಪ ಹೊತ್ತು ಕೆಮ್ಮಿ, "ಈ ವರ್ಷ ನೀನಿಳಿ ಪುಟ್ಟಮಾದಮ್ಮ," ಅಂದರು.

ಇಳಿದೆ. ಸೀರೆ ಎತ್ತಿ ಕಟ್ಟಿ, ಭೂಮಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಮೂಡಲ ಮೂಲೆಯಲ್ಲಿ ನೆಟ್ಟೆ. ಕೆಸರು ತಣ್ಣಗಿತ್ತು. ಬೇರು ಬೆರಳ ತುದಿಗೆ ಬಂದಿತ್ತು, ಹೆಬ್ಬೆರಳಲ್ಲಿ ಒತ್ತಿ ಬಿಟ್ಟೆ. ಗೋವಿಂದಮ್ಮ ನೋಡುತ್ತಿದ್ದಾಳಾ ಅಂತ ತಲೆ ಎತ್ತಿದೆ. ನೋಡುತ್ತಿದ್ದಳು. ಆಮೇಲೆ ಮಾದೇಶ ಮಿಷನ್ನು ಬಿಟ್ಟ.

ಪೈರು ಬೇರು ಕೊಡೋವಷ್ಟು ದಿನ ಬಿಟ್ಟು, ಎಲ್ಲರಿಗಿಂತ ಮುಂಚೆ ನಾನು ಆ ಗದ್ದೆಗೆ ಹೋದೆ. ಮಿಕ್ಕಿದ್ದು ಹೇಗಾದರೂ ಇರಲಿ, ನನ್ನ ಪೈರು ಹಿಡಿದಿದೆಯಾ ನೋಡಬೇಕಿತ್ತು. ಮೂಡಲ ಮೂಲೆಯಲ್ಲಿ ಆಗಲೇ ಗೋವಿಂದಮ್ಮ ಬಗ್ಗಿ ನಿಂತಿದ್ದಳು. ಆ ಕೈ ಸೆರಗಿಂದ ಈಚೆಗೆ ಬಂದಿತ್ತು. ನನ್ನ ಪೈರನ್ನು ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆಯುತ್ತಿದ್ದಳು.

"ಬರಲ್ಲ ಕಣಕ್ಕ," ಅಂದಳು. "ಗಟ್ಟಿಯಾಗಿ ಇಡ್ದದೆ."

"ಹೂಂ," ಅಂದೆ.

ಆ ಒಂದು ಗಳಿಗೆ ಗದ್ದೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ತೆವರಿಯ ಮೇಲೆ ರಾಮಯ್ಯನವರ ಕೋಲಿನ ಸದ್ದು.

"ಏನಮ್ಮ, ಹಿಡೀತಾ?"

"ಇಡ್ದದೆ ಬುದ್ಧಿ," ಅಂದಳು ಗೋವಿಂದಮ್ಮ.

ಅವರು ಕಣ್ಣಿಗೆ ಕೈ ಅಡ್ಡ ಇಟ್ಟು ಬಗ್ಗಿ ನೋಡಿದರು. "ಹಿಡೀದೆ ಏನು. ನೀನು ಮುಟ್ಟಿದ ಮೇಲೆ ಹಿಡೀಲೇಬೇಕು ಬಿಡು ಗೋವಿಂದಮ್ಮ," ಅಂದು ಹೊರಟೇ ಹೋದರು.

ನಾನು ಗೋವಿಂದಮ್ಮನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ತುಟಿ ಬಿಗಿ ಹಿಡಿದಳು, ಆಗಲಿಲ್ಲ, ನಕ್ಕುಬಿಟ್ಟಳು. ನಂಜನಗೂಡಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕೆಸರು ಕೈಯನ್ನೇ ಬಾಯಿಗೆ ಅಡ್ಡ ಹಿಡಿದು, ಸೊಂಟ ಹಿಡಿದುಕೊಂಡು ನಕ್ಕಳು.

"ನಗು, ನಗು," ಅಂದೆ. "ನಾಳೆಯಿಂದ ನನ್ ಪೈರ್ನ ನೀ ಮುಟ್ಟುದ್ರೆ ನೋಡು ಮತ್ತೆ."

ಅವಳು ಇನ್ನೂ ನಗುತ್ತಲೇ ಪಕ್ಕದ ಪೈರಿಗೆ ಕೈ ಹಾಕಿದಳು. ನಾನು ಅವಳಿಗಿಂತ ಮುಂಚೆ ಅದರ ಮುಂದಿನದಕ್ಕೆ ಹಾಕಿದೆ. ಹೊಟ್ಟೆ ಉರಿಯುತ್ತಿತ್ತು. ಉರಿಯಲಿ ಅಂತ ಬಿಟ್ಟು, ಸಾಲು ಹಿಡಿದು ಒಂದೊಂದೇ ಎಳೆದು ನೋಡುತ್ತ ಹೊರಟೆ.